ಹೂಂ ಅನ್ನುವ ಬಾಗಿಲು

ಜನವರಿ 11

ಅಪ್ಪ,

ಫೋನ್ ಮಾಡಿದರೆ ನಿಮಗೆ ಕೇಳಿಸಲ್ಲ, ಮೆಸೇಜು ಕಳಿಸಿದರೆ ಓದಲ್ಲ. ಮೂವತ್ತು ವರ್ಷ ಲಿಫ್ಟಿನ ಮೆಷಿನ್ ರೂಮಿನಲ್ಲಿ ಕಿವಿ ಕಳಕೊಂಡವರಿಗೆ ಕಾಗದವೇ ಸರಿ. ಇದರಲ್ಲಿ ಒಂದು ಅನುಕೂಲನೂ ಇದೆ. ನನ್ನ ಮಾತು ಮುಗಿಯೋ ಮೊದಲೇ ನೀವು ಎದ್ದು ಹೋದರೂ ಮಾತು ಅಲ್ಲೇ ಮೇಜಿನ ಮೇಲೆ ಬಿದ್ದಿರತ್ತೆ.

ಆವತ್ತು ಊಟದ ನಡುವೆ ಎದ್ದು ಹೋದಿರಲ್ಲ, ಅದಕ್ಕೇ ಬರೀತಿರೋದು. ನಾನು ಹೇಳಿದ್ದು ಇಷ್ಟೇ: ಮಾವನ ಎರಡು ಬೆರಳು ತಿಂದದ್ದು ಒಂದು ಕೆಟ್ಟ ಸ್ವಿಚ್ಚು, ಅದು ಇನ್ನೊಬ್ಬರ ಕೈ ತಿನ್ನಬಾರದು ಅಂತಲೇ ನಾನು ಲಿಫ್ಟಿನ ಪ್ರೋಗ್ರಾಂ ಬರೆಯೋ ಕೆಲಸಕ್ಕೆ ಸೇರಿದ್ದು. ಮಾವ ಸುಮ್ಮನೆ ನಕ್ಕರು. ಅಮ್ಮ ತನ್ನ ತಮ್ಮನ ಕೈ ನೋಡಿ ಕಣ್ಣೊರೆಸಿಕೊಂಡಳು. ನೀವು ಮಾತ್ರ ತಟ್ಟೆ ತಳ್ಳಿ, "ನಿನಗೇನು ಗೊತ್ತು ಲಿಫ್ಟು? ಗೊಂಬೆ ಬಾಗಿಲು ಇಟ್ಟುಕೊಂಡು ಮನೆಯಾಟ ಆಡೋಳು!" ಅಂತ ಕೂಗಿದಿರಿ. ನಾನು ಬ್ಯಾಗ್ ಎತ್ತಿಕೊಂಡು ನಾಲ್ಕು ಮಹಡಿ ಇಳಿದು ಹೊರಟೆ. ಲಿಫ್ಟ್ ಮೆಕ್ಯಾನಿಕ್ಕು ಇರೋ ಕಟ್ಟಡದಲ್ಲಿ ಲಿಫ್ಟೇ ಇಲ್ಲ ಅಂದರೆ ಇಲ್ಲಿ ಯಾರೂ ನಂಬಲ್ಲ.

ಗೊಂಬೆ ಬಾಗಿಲು ಅಂದಿರಿ. ಹೌದು, ಗೊಂಬೆ ಬಾಗಿಲೇ, ನಾಚಿಕೆಯೇನಿಲ್ಲ. ನಮ್ಮಲ್ಲಿ ಅದಕ್ಕೆ ಮಾಕ್ ಅಂತಾರೆ. ನಮ್ಮ ಪ್ರೋಗ್ರಾಂನಲ್ಲಿ ಬಾಗಿಲಿಗೊಂದು, ಬ್ರೇಕಿಗೊಂದು, ಲಿಫ್ಟನ್ನ ಓಡಿಸೋ ಚಾಲಕನಿಗೊಂದು ಅಂತ ಬೇರೆ ಬೇರೆ ತುಣುಕುಗಳಿವೆ. ಒಂದು ಇನ್ನೊಂದನ್ನ ಮಾತಾಡಿಸ್ತಾ ಕೆಲಸ ಮಾಡ್ತವೆ. ಚಾಲಕ ಬಾಗಿಲನ್ನ "ಮುಚ್ಚಿದ್ದೀಯಾ?" ಅಂತ ಕೇಳತ್ತೆ. ಬಾಗಿಲು "ಹೂಂ" ಅಂದರೆ ಬ್ರೇಕು ಬಿಡತ್ತೆ. ಈಗ ಚಾಲಕನನ್ನ ಮಾತ್ರ ಪರೀಕ್ಷೆ ಮಾಡಬೇಕು ಅನ್ನಿ. ನನ್ನ ಮೇಜಿನ ಮೇಲೆ ನಿಜವಾದ ಬಾಗಿಲು ಎಲ್ಲಿಂದ ತರಲಿ? ಅದರ ಜಾಗದಲ್ಲಿ ಸೋಗಿನ ಬಾಗಿಲೊಂದನ್ನ ನಿಲ್ಲಿಸ್ತೀನಿ. ಏನು ಕೇಳಿದರೆ ಏನು ಹೇಳಬೇಕು ಅಂತ ಅದಕ್ಕೆ ಮೊದಲೇ ಹೇಳಿಕೊಟ್ಟಿರ್ತೀನಿ. ತನ್ನನ್ನ ಎಷ್ಟು ಸಲ ಕೇಳಿದರು ಅನ್ನೋದನ್ನೂ ಅದು ನೆನಪಿಟ್ಟುಕೊಂಡು ನನಗೆ ವರದಿ ಒಪ್ಪಿಸತ್ತೆ.

ಇಂಥ ಪರೀಕ್ಷೆ ನಾನೂರ ಹನ್ನೆರಡು ಬರೆದಿದ್ದೀನಿ. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಎಲ್ಲ ಹಸಿರು! ಏಪ್ರಿಲ್‌ನಲ್ಲಿ ಒಂದು ಆಸ್ಪತ್ರೆಗೆ ನಮ್ಮ ಆರು ಲಿಫ್ಟು ಹೋಗ್ತಿವೆ. ಪ್ರೋಗ್ರಾಂ ಸರಿಯಾಗಿದೆ ಅಂತ ಕೊನೆಯ ಕಾಗದಕ್ಕೆ ಸಹಿ ಹಾಕೋಳು ನಿಮ್ಮ ಮಗಳು. ಈಗ ಹೇಳಿ, ಇದು ಮನೆಯಾಟನಾ?

ಭಾನುವಾರದ ಚೆಸ್‌ನಲ್ಲಿ ಮಾವ ಈ ಸಲವೂ ನಿಮ್ಮನ್ನ ಸೋಲಿಸಿರಬೇಕು. ಒಳ್ಳೇದೇ ಆಯಿತು.

ನಿಮ್ಮ
ಮೊಂಡಿ


ಜನವರಿ 24

ಮೊಂಡಿ,

ಕಾಗದ ಮೂರು ಸಲ ಓದಿದೆ. ಅರ್ಥ ಆಗದೆ ಅಲ್ಲ, ನಿನ್ನ ಅಕ್ಷರ ಕೆಟ್ಟು ಕೆರ ಹಿಡಿದಿದೆ.

ನಿನ್ನ ಗೊಂಬೆ ಬಾಗಿಲಿಗೆ ನಾನೊಂದು ಹೆಸರಿಟ್ಟೆ, ಕೋಲೆಬಸವ. ನೀನು ಕೇಳಿದ್ದಕ್ಕೆಲ್ಲ ತಲೆ ಆಡಿಸತ್ತೆ. ತಲೆ ಆಡಿಸೋದನ್ನ ಕಲಿಸಿದ್ದು ಯಾರು? ನೀನು. ಪ್ರಶ್ನೆ ಕೇಳೋದು ಯಾರು? ನೀನು. ಪಾಸು ಅಂತ ಬೆನ್ನು ತಟ್ಟಿಕೊಳ್ಳೋದೂ ನೀನೇ. ಭಲೇ ಕಣಮ್ಮ. ನಮ್ಮ ಕಾಲದಲ್ಲಿ ಇಂಥ ಪರೀಕ್ಷೆ ಇದ್ದಿದ್ದರೆ ನಾನೂ ಡಾಕ್ಟರಾಗ್ತಿದ್ದೆ.

ನಮ್ಮ ಕಸುಬಿನಲ್ಲೂ ಒಂದು ಕೋಲೆಬಸವ ಇದೆ, ಜಂಪರ್ ವೈರು. ಒಂದು ಮೊಳದ ತಂತಿ, ಎರಡು ತುದಿಗೂ ಕ್ಲಿಪ್ಪು. ಬಾಗಿಲು ತೆರೆದಿಟ್ಟುಕೊಂಡೇ ಲಿಫ್ಟು ಸರಿಸಿ ನೋಡಬೇಕಾದಾಗ ಮೆಷಿನ್ ರೂಮಿನಲ್ಲಿ ಬಾಗಿಲಿನ ಸ್ವಿಚ್ಚಿನ ತಂತಿಗೆ ಅಡ್ಡಲಾಗಿ ಅದನ್ನ ಸಿಕ್ಕಿಸ್ತೀವಿ. ಬಾಗಿಲು ಮುಚ್ಚಿದೆ ಅಂತ ಲಿಫ್ಟು ನಂಬಿಬಿಡತ್ತೆ. ಕೆಲಸ ಮುಗಿದ ತಕ್ಷಣ ಅದನ್ನ ತೆಗೀಬೇಕು. ಮರೆತೆಯೋ, ಬಾಗಿಲು ಬಾಯಿ ಬಿಟ್ಟುಕೊಂಡಿದ್ದರೂ ಲಿಫ್ಟು ಓಡತ್ತೆ.

ನಾನು ನನ್ನ ವೈರಿಗೆ ಕೆಂಪು ಬಣ್ಣ ಹಚ್ಚಿ ಮನೆ ಬೀಗದ ಕೈಗೆ ಕಟ್ಟಿದ್ದೆ. ವೈರು ಲಿಫ್ಟಿನಲ್ಲಿ ಬಿಟ್ಟು ಬಂದರೆ ನನ್ನ ಮನೆ ಬಾಗಿಲು ತೆರೆಯೋ ಹಾಗಿಲ್ಲ. ನಿವೃತ್ತಿಯಾಗಿ ನಾಲ್ಕು ವರ್ಷ ಆಯಿತು, ಇವತ್ತಿಗೂ ಅದು ಬೀಗದ ಕೈ ಜೊತೆ ನೇತಾಡ್ತಿದೆ. ನಿನ್ನ ಕೋಲೆಬಸವನನ್ನ ನೀನು ಯಾವುದಕ್ಕೆ ಕಟ್ಟಿದ್ದೀಯ?

ಹೌದು, ಭಾನುವಾರ ಸೋತೆ. ಅದರಲ್ಲಿ ಹೊಸದೇನಿದೆ.

ಅಪ್ಪ


ಫೆಬ್ರವರಿ 3

ಅಪ್ಪ,

ಯಾವುದಕ್ಕೂ ಕಟ್ಟಿಲ್ಲ. ಕಟ್ಟೋದೂ ಬೇಕಿಲ್ಲ. ಮಾಕ್ ಅನ್ನೋದು ಪರೀಕ್ಷೆ ದಾಟಿ ಹೊರಗೆ ಬರೋದೇ ಇಲ್ಲ. ಕಟ್ಟಡಕ್ಕೆ ಹೋಗೋ ಲಿಫ್ಟಿನಲ್ಲಿ ನಿಜವಾದ ಬಾಗಿಲೇ ಇರತ್ತೆ. ನಿಮ್ಮ ವೈರನ್ನ ಮರೆತು ಬರಬಹುದು, ನನ್ನದನ್ನ ಮರೆಯೋಕೆ ದಾರಿನೇ ಇಲ್ಲ.

ಮತ್ತೆ, ನನ್ನ ಬಾಗಿಲು ಬರೀ ತಲೆ ಆಡಿಸಲ್ಲ. ತೊಂಬತ್ತೊಂದು ಪರೀಕ್ಷೆಯಲ್ಲಿ ಅದು "ಊಹೂಂ" ಅನ್ನತ್ತೆ. ಆಗ ಚಾಲಕ ಅಲುಗಾಡಬಾರದು. ಅಲುಗಾಡಲ್ಲ.

ಎಷ್ಟು ಬಿಗಿ ಇಟ್ಟಿದ್ದೀನಿ ಅಂದರೆ, ಪಕ್ಕದ ಮೇಜಿನಲ್ಲಿ ಒಬ್ಬಳಿದ್ದಾಳೆ, ಬಾಯೇ ಬಿಡಲ್ಲ, ಎಲ್ಲರೂ ಮೌನಿ ಅಂತೀವಿ. ಅವಳು ಒಂದು ದಿನ ಚಾಲಕ ಬಾಗಿಲನ್ನ ಎರಡು ಸಲ ಕೇಳೋ ಹಾಗೆ ಬರೆದಿದ್ದಳು. ನನ್ನ ಪರೀಕ್ಷೆ ತಕ್ಷಣ ಕೆಂಪಾಯಿತು. ಯಾಕೆಂದರೆ "ಒಂದೇ ಸಲ ಕೇಳಿರಬೇಕು" ಅಂತ ನಾನು ಹಾಕಿದ್ದೆ. ಒಂದು ಸಲ ಹೂಂ ಅಂದ ಬಾಗಿಲನ್ನ ಮತ್ತೆ ಕೇಳಿ ಹೊತ್ತು ಕಳೆಯೋದು ಯಾಕೆ? ಅವಳ ಕೈಯಲ್ಲೇ ತೆಗೆಸಿದೆ.

ಸ್ವಲ್ಪ ಒಪ್ಪಿಕೊಳ್ಳಿ ಅಪ್ಪ. ನಿಮ್ಮ ಮಗಳು ನಿಮಗಿಂತ ಹುಷಾರು.

ಮೊಂಡಿ


ಫೆಬ್ರವರಿ 15

ಮೊಂಡಿ,

ಹುಷಾರು ಅಂತ ಒಪ್ಪಿದೆ. ಅದಕ್ಕೇ ಈ ಡಬ್ಬಿ.

ಒಳಗಿರೋದು ಒಂದು ಬಾಗಿಲಿನ ಸ್ವಿಚ್ಚು. ಹನ್ನೆರಡು ವರ್ಷ ಒಂದು ಆಫೀಸ್ ಕಟ್ಟಡದಲ್ಲಿ ದುಡಿದು ಸವೆದದ್ದು. ಸ್ಟೋರಿನಿಂದ ಹಳೇ ಸಾಮಾನು ಎಸೆಯೋವಾಗ ನಿನ್ನ ಮಾವ ಎತ್ತಿಟ್ಟುಕೊಂಡಿದ್ದ. ನಿನ್ನ ಬಾಗಿಲಿಗೆ ಹೂಂ ಅನ್ನೋಕೂ ಬರತ್ತೆ, ಊಹೂಂ ಅನ್ನೋಕೂ ಬರತ್ತೆ ಅಂದೆ. ಸರಿ. ವಯಸ್ಸಾದ ಬಾಗಿಲು ಇನ್ನೊಂದು ಥರ ಮಾತಾಡತ್ತೆ. ಏನು ಅಂತ ನಾನು ಹೇಳಿದರೆ ಜಗಳಕ್ಕೆ ಬರ್ತೀಯ, ಅದನ್ನೇ ಕೇಳು. ಆದರೆ ಮೆಲ್ಲಗೆ ಒತ್ತಬೇಡ. ಬಾಗಿಲು ಬಂದು ಬಡಿಯೋ ಹಾಗೆ ಟಪ್ ಅಂತ ಒತ್ತು.

ಅಮ್ಮ ನಿನ್ನ ಚಳಿಯಂಗಿ ಕಳಿಸಬೇಕಾ ಅಂತ ಕೇಳ್ತಾಳೆ.

ಅಪ್ಪ


ಮಾರ್ಚ್ 2

ಅಪ್ಪ,

ಡಬ್ಬಿ ಬಂದು ಒಂದು ವಾರ ಹಾಗೇ ಇಟ್ಟಿದ್ದೆ. ಸಿಟ್ಟಿಗೆ. ಆಮೇಲೆ ಒಂದು ಮಧ್ಯಾಹ್ನ ಅದಕ್ಕೆ ಎರಡು ತಂತಿ ಬೆಸೆದು ಕಂಪ್ಯೂಟರಿಗೆ ಸೇರಿಸಿ ಟಪ್ ಅಂತ ಒತ್ತಿದೆ.

ಅದು "ಹೂಂ" ಅಂತು. ಕಣ್ಣು ಮಿಟುಕಿಸೋ ಮೊದಲೇ "ಊಹೂಂ" ಅಂತು. ಮತ್ತೆ "ಹೂಂ". ಬಾಗಿಲು ಬಂದು ಬಡಿದು, ಒಂದು ಕೂದಲಿನಷ್ಟು ಹಿಂದೆ ಚಿಮ್ಮಿ, ಮತ್ತೆ ಕೂತುಕೊಳ್ಳೋದು ಅದು. ಇಪ್ಪತ್ತು ಸಲ ಒತ್ತಿದೆ, ಹದಿನಾಲ್ಕು ಸಲ ಹಾಗೇ ತೊದಲಿತು.

ನನ್ನ ಚಾಲಕ ಮೊದಲನೇ ಹೂಂ ಕೇಳಿದ್ದೇ ಬ್ರೇಕು ಬಿಟ್ಟುಬಿಡತ್ತೆ. ಒಂದೇ ಸಲ ಕೇಳಬೇಕು ಅಂತ ಕಟ್ಟಪ್ಪಣೆ ಮಾಡಿದವಳು ನಾನೇ ಅಲ್ವಾ? ಅಷ್ಟರಲ್ಲಿ ಊಹೂಂ ಬರತ್ತೆ. ಪ್ರೋಗ್ರಾಂಗೆ ಸಂಬಂಧವೇ ಇಲ್ಲದ ರಕ್ಷಣೆಯ ತಂತಿ ಬೇರೆ ಇದೆಯಲ್ಲ, ಅದು ಕರೆಂಟು ಕಡಿದು ಲಿಫ್ಟನ್ನ ಗಕ್ಕನೆ ನಿಲ್ಲಿಸತ್ತೆ. ಯಾರೂ ಬೀಳಲ್ಲ. ಆದರೆ ಬಾಗಿಲಿಗೆ ಬೀಗ ಬಿದ್ದು, ಮೆಕ್ಯಾನಿಕ್ಕು ಬರೋವರೆಗೂ ಒಳಗಿದ್ದವರು ಒಳಗೇ. ಆಸ್ಪತ್ರೆ ಅಪ್ಪ ಅದು! ಒಳಗಿರೋದು ಆಪರೇಷನ್ನಿಗೆ ಕರಕೊಂಡು ಹೋಗ್ತಿರೋ ಮನುಷ್ಯ.

ಎರಡನೇ ಸಲ ಕೇಳಿದ್ದರೆ ಈ ತೊದಲು ಸಿಕ್ಕಿಬೀಳ್ತಿತ್ತು, ಮೌನಿ ಮೊದಲೇ ಸರಿಯಾಗಿ ಬರೆದಿದ್ದಳು. ಅದನ್ನ ಅಳಿಸಿದವಳು ನಾನು. ನಾನೂರ ಹನ್ನೆರಡು ಪರೀಕ್ಷೆ ನಾನು ನಂಬಿದ್ದನ್ನೇ ನನಗೆ ತಿರುಗಿ ಹೇಳ್ತಿದ್ದವು. ನೀವು ಬರೆದದ್ದು ಸರಿ ಅಂತ ಬರೆಯೋಕೆ ಕೈ ಬರ್ತಿಲ್ಲ, ಆದರೂ ಬರೆದೆ.

ನಮ್ಮ ಬಾಸಿಗೆ ಗಡಿಯಾರ ಅಂತ ಅಡ್ಡಹೆಸರು, ಮಾತಾಡೋವಾಗಲೂ ಟೈಮ್ ನೋಡ್ತಿರ್ತಾರೆ. ಅವರಿಗೆ ಹೇಳಿದೆ. "ಹೊಸ ಲಿಫ್ಟು, ಹೊಸ ಸ್ವಿಚ್ಚು, ತೊದಲೋಕೆ ಇನ್ನೂ ವರ್ಷಗಟ್ಟಲೆ ಇದೆ. ಏಪ್ರಿಲ್ ಹದಿನೈದಕ್ಕೆ ಉದ್ಘಾಟನೆ. ಸಹಿ ಹಾಕು" ಅಂದರು. ಹಾಕಲ್ಲ ಅಂದೆ. ಆಗ ಏನಂದರು ಗೊತ್ತಾ? "ಏನಾದರೂ ಆದರೆ ಸ್ವಿಚ್ಚಿನ ತಪ್ಪು ಅಂತ ಬರೆದರಾಯಿತು ಬಿಡು. ಸ್ವಿಚ್ಚೇನು ಎದುರುತ್ತರ ಕೊಡತ್ತಾ?"

ಮೈಯೆಲ್ಲ ಉರೀತಿದೆ. ಮಾವನ ಕೈ ನೋಡಿ ಬೆಳೆದವಳು ನಾನು. ಏನು ಮಾಡಲಿ ಹೇಳಿ.

ಮೊಂಡಿ


ಮಾರ್ಚ್ 9

ಮಗಳೇ,

ಸಹಿ ಹಾಕಬೇಡ.

ಇಷ್ಟು ಬರೆದು ನಿಲ್ಲಿಸಿದ್ದೆ. ಕಾಗದ ಮಡಚಿಯೂ ಆಗಿತ್ತು. ಮತ್ತೆ ಬಿಚ್ಚಿದೆ.

ನಿನ್ನ ಗಡಿಯಾರ ಹೇಳಿದ ಮಾತನ್ನ ನಾನು ಹತ್ತೊಂಬತ್ತು ವರ್ಷದ ಹಿಂದೆಯೇ ಕೇಳಿದ್ದೀನಿ. ಆವತ್ತು ಬಾಗಿಲಿನ ಸ್ವಿಚ್ಚಿಗೆ ಜಂಪರ್ ಹಾಕಿದವನು ನಾನು. ಕೆಲಸ ಮುಗೀತು ಅಂತ ಲಿಫ್ಟನ್ನ ಮಾಮೂಲಿಗೆ ಹಾಕಿದೆ, ವೈರು ತೆಗೆಯೋದು ಮರೆತೆ. ನಿನ್ನ ಮಾವ ಕೆಳಗೆ ತೆರೆದ ಬಾಗಿಲಿನ ಸಂದಿಗೆ ಕೈ ಹಾಕಿ ಕಸ ತೆಗೀತಿದ್ದ. ಯಾರೋ ಗುಂಡಿ ಒತ್ತಿದರು. ಅವನ ಕೂಗು ಕೇಳಿದ ಮೇಲೆ ಮೆಷಿನ್ ರೂಮಿಗೆ ಓಡಿ ಹೋಗಿ ನಾನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ವೈರು ಕಿತ್ತು ಜೇಬಿಗೆ ಹಾಕಿಕೊಂಡದ್ದು.

ಕಂಪನಿಯವರು ಬಂದು "ಸ್ವಿಚ್ಚು ಕೆಟ್ಟಿತ್ತು ಅಂತ ಬರೆದು ಮುಗಿಸು, ಎಲ್ಲರಿಗೂ ಒಳ್ಳೇದು" ಅಂದರು. ಸಹಿ ಹಾಕಿದೆ. ಸ್ವಿಚ್ಚು ಚೆನ್ನಾಗೇ ಇತ್ತು. ಅವನನ್ನ ಮೆಕ್ಯಾನಿಕ್ ಕೆಲಸದಿಂದ ತೆಗೆದು ಸ್ಟೋರಿಗೆ ಹಾಕಿದರು. ನಾನು ವೈರಿಗೆ ಕೆಂಪು ಬಣ್ಣ ಹಚ್ಚಿದೆ. ಅಮ್ಮನಿಗೂ ಗೊತ್ತಿಲ್ಲ.

ನೀನು ಆ ದಿನ ಊಟಕ್ಕೆ ಕೂತು ಸ್ವಿಚ್ಚನ್ನ ಬೈದೆ, ಅದಕ್ಕೇ ಈ ಕೆಲಸಕ್ಕೆ ಸೇರಿದೆ ಅಂದೆ. ತಟ್ಟೆ ತಳ್ಳಿ ಎದ್ದೆ. ಬೈಯಬೇಕಾಗಿದ್ದದ್ದು ನನ್ನನ್ನ, ನಾನು ಬೈದದ್ದು ನಿನ್ನನ್ನ.

ಅಪ್ಪ


ಏಪ್ರಿಲ್ 6

ಅಪ್ಪ,

ನಾಲ್ಕು ವಾರ ಬರೀಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಮೂರರಲ್ಲಿ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದಿದ್ದೆ. ನಾಲ್ಕನೇದರಲ್ಲಿ ಬೈದಿರಲಿಲ್ಲ, ಅದು ಇನ್ನೂ ಸುಳ್ಳಾಗಿತ್ತು.

ಮೊದಲು ಇಲ್ಲಿಯ ಸುದ್ದಿ. ನಾನು ಸಹಿ ಹಾಕಲಿಲ್ಲ. ಅದರ ಬದಲು ಒಂದು ಪರೀಕ್ಷೆ ಬರೆದೆ, ನಾನೂರ ಹದಿಮೂರನೇದು. ಇದರಲ್ಲೂ ಸೋಗಿನ ಬಾಗಿಲೇ, ಆದರೆ ನಿಮ್ಮ ಡಬ್ಬಿಯ ಸ್ವಿಚ್ಚಿನಿಂದ ಮಾತು ಕಲಿತದ್ದು: ಹೂಂ, ಊಹೂಂ, ಹೂಂ. ಓಡಿಸಿದೆ. ನಾನೂರ ಹನ್ನೆರಡು ಹಸಿರಿನ ಕೆಳಗೆ ಒಂದು ಕೆಂಪು. ಅದನ್ನ ಎಲ್ಲರ ಪರೀಕ್ಷೆಗಳ ಜೊತೆ ಸೇರಿಸಿದೆ. ಒಂದು ಕೆಂಪು ಇದ್ದರೂ ಲಿಫ್ಟಿಗೆ ಪ್ರೋಗ್ರಾಂ ತುಂಬೋ ಹಾಗಿಲ್ಲ, ಅದು ನಮ್ಮಲ್ಲಿಯ ನಿಯಮ.

ಗಡಿಯಾರ ಕೆಂಡಾಮಂಡಲ ಆದರು. ಅಳಿಸು ಅಂದರು. "ನಾನು ಅಳಿಸಲ್ಲ. ಬೇಕಾದರೆ ನೀವೇ ಅಳಿಸಿ" ಅಂದೆ. "ಮೆಕ್ಯಾನಿಕ್ ಅಪ್ಪನ ಮಾತು ಕಟ್ಟಿಕೊಂಡು ನಮಗೆ ಪಾಠ ಹೇಳ್ತೀಯಾ?" ಅಂದರು. "ಹೌದು, ಅವರದೇ ಪಾಠ. ಪೂರ್ತಿ ಕೇಳಿ" ಅಂದೆ. ನನ್ನನ್ನ ಮುಖ್ಯಸ್ಥೆ ಸ್ಥಾನದಿಂದ ಇಳಿಸಿ ಪ್ರಿಂಟರ್ ಪಕ್ಕದ ಮೇಜಿಗೆ ಹಾಕಿದರು. ಮೌನಿಗೆ ಅಳಿಸೋಕೆ ಹೇಳಿದರು. ಆ ಪುಣ್ಯಾತ್ಗಿತ್ತಿ ಅವರ ಮುಖ ನೋಡಿ, "ಆಗಲ್ಲ" ಅಂದಳು. ಎರಡು ವರ್ಷದಲ್ಲಿ ಅವಳ ದನಿ ನಾನು ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

ಹನ್ನೊಂದು ದಿನ ಆ ಕೆಂಪು ಹಾಗೇ ಇತ್ತು. ಕೊನೆಗೆ ಗಡಿಯಾರ ತಾವೇ ಬಂದು ಕೂತರು. ನಮ್ಮಲ್ಲಿ ಏನು ಅಳಿಸಿದರೂ ಅಳಿಸಿದವರ ಹೆಸರು, ಕಾರಣ ಎರಡನ್ನೂ ಬರೀಬೇಕು, ಅದು ಶಾಶ್ವತವಾಗಿ ಉಳಿಯತ್ತೆ. ಹೆಸರು ಬರೆದರು. ಕಾರಣ ಅನ್ನೋ ಕಡೆ ಕೈ ನಿಂತಿತು. ನಾವೆಲ್ಲ ಹಿಂದೆ ನಿಂತು ನೋಡ್ತಿದ್ದೆವು. ಅವರು ಬರೆದ ಹೆಸರನ್ನ ಒಂದೊಂದೇ ಅಕ್ಷರ ಅಳಿಸಿ, "ಸರಿ ಮಾಡೋಕೆ ಎಷ್ಟು ದಿನ ಬೇಕು?" ಅಂದರು. ಒಂಬತ್ತು ದಿನ ಅಂದೆ. ಮೌನಿ ಬರೆದದ್ದನ್ನ ವಾಪಸು ತಂದ್ವಿ. ನನ್ನ "ಒಂದೇ ಸಲ" ಅನ್ನೋ ಕಟ್ಟಪ್ಪಣೆಯನ್ನ ನಾನೇ ಅಳಿಸಿದೆ, ನನ್ನ ಹೆಸರಲ್ಲಿ. ಕಾರಣದ ಜಾಗದಲ್ಲಿ "ನನ್ನ ತಪ್ಪು" ಅಂತ ಬರೆದೆ. ಬರೆದರೆ ಸತ್ತೇನೂ ಹೋಗಲ್ಲ ಅಪ್ಪ. ಉದ್ಘಾಟನೆ ಮುಂದಕ್ಕೆ ಹೋಯಿತು. ನಾನಿನ್ನೂ ಪ್ರಿಂಟರ್ ಪಕ್ಕದಲ್ಲೇ ಇದ್ದೀನಿ, ಇರ್ತೀನಿ.

ಈಗ ನಿಮ್ಮ ವಿಷಯ. ನೀವು ನನಗೆ ಹೇಳಿದಿರಿ. ಆದರೆ ಬೆರಳು ಹೋಗಿದ್ದು ನನ್ನದಲ್ಲ. ಸಹಿ ಹಾಕಬೇಡ ಅಂತ ನನಗೆ ಧೈರ್ಯ ಹೇಳಿದವರು ತಾವು ಹಾಕಿದ ಸಹಿಯನ್ನ ಹಾಗೇ ಬಿಟ್ಟರೆ ನಾನು ಒಪ್ಪಲ್ಲ. ಮಾವನಿಗೆ ಹೇಳಿ. ಅಮ್ಮನಿಗೆ ಹೇಳಿ. ಹೇಳೋವರೆಗೂ ನನಗೆ ಬರೀಬೇಡಿ.

ಮೊಂಡಿ


ಮೇ 5

ಮೊಂಡಿ,

ಹೇಳಿದೆ, ಅದಕ್ಕೇ ಬರೀತಿದ್ದೀನಿ.

ಭಾನುವಾರ ನಿನ್ನ ಮಾವ ಬಂದು ಚೆಸ್ ಹಲಗೆ ಬಿಚ್ಚಿದ. ನಾನು ಬೀಗದ ಕೈಯಿಂದ ಕೆಂಪು ವೈರು ಬಿಡಿಸಿ ಹಲಗೆಯ ನಡುವೆ ಇಟ್ಟೆ. "ಸ್ವಿಚ್ಚು ಕೆಟ್ಟಿರಲಿಲ್ಲ ಕಣೋ. ಇದು ಅದರ ಮೇಲಿತ್ತು. ನಾನೇ ಮರೆತಿದ್ದೆ" ಅಂದೆ. ಎಷ್ಟು ಜೋರಾಗಿ ಹೇಳಿದೆನೋ ನನಗೆ ಗೊತ್ತಾಗಲಿಲ್ಲ. ಒಳಗಿದ್ದ ಅಮ್ಮ ಬಾಗಿಲಿಗೆ ಬಂದು ನಿಂತಳು.

ಅವನು ಒಂದು ಚೀಟಿ ಎಳಕೊಂಡ. ಕಿವಿ ಕೇಳಲಿಲ್ಲ ಅಂತ ನಾನು ನುಣುಚಿಕೊಳ್ಳಬಾರದು ನೋಡು, ಅದಕ್ಕೆ ಪೆನ್ನು ತಗೊಂಡ. ಮೂರೇ ಬೆರಳಲ್ಲಿ ಪೆನ್ನು ಹಿಡಿದು ನಿಧಾನವಾಗಿ ಬರೆದ. ಆ ಚೀಟಿ ನನ್ನ ಹತ್ತಿರ ಇದೆ, ಹಾಗೇ ಇಳಿಸಿ ಬರೀತೀನಿ.

"ಗೊತ್ತು ಭಾವ. ಸ್ವಿಚ್ಚು ಕೆಟ್ಟರೆ ಲಿಫ್ಟು ನಿಲ್ಲತ್ತೆ, ಓಡಲ್ಲ. ನಾನೂ ಮೆಕ್ಯಾನಿಕ್ಕೇ. ತಪ್ಪು ಸ್ವಿಚ್ಚಿಂದು ಅಂದಿರಿ, ಬಣ್ಣ ಬಳಿದದ್ದು ವೈರಿಗೆ. ನನಗೆ ಹೋಗಿದ್ದು ಬೆರಳು, ಬುದ್ಧಿ ಅಲ್ಲ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ನೀವು ಹೇಳೋ ಬದಲು ಪ್ರತಿ ಭಾನುವಾರ ನನ್ನ ಕೈಲಿ ಬೇಕಂತಲೇ ಸೋಲೋಕೆ ಶುರು ಮಾಡಿದಿರಿ. ಬೆರಳು ಹೋಗಿದ್ದಕ್ಕಿಂತ ನನಗೆ ಅದಕ್ಕೇ ಸಿಟ್ಟು."

ಓದಿ ಅತ್ತುಬಿಟ್ಟೆ ಮಗಳೇ. ಅವನು ಎದ್ದು ಹೋದ. ಎರಡು ಭಾನುವಾರ ಬರಲಿಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಬೈಯೋಕೆ ಶುರು ಮಾಡಿದಳು. ಇಷ್ಟು ದಿನ ಹಾಕದೆ ಇಟ್ಟಿದ್ದ ಕಿವಿಯ ಯಂತ್ರ ಹಾಕಿಕೊಂಡು ಪೂರ್ತಿ ಕೇಳಿದೆ.

ಕಳೆದ ಮಂಗಳವಾರ ಹಳೇ ಕಂಪನಿಯ ಆಫೀಸಿಗೆ ಹೋಗೋಣ ಅಂತ ಮೆಟ್ಟಿಲಿಳಿದರೆ ಕೆಳಗೆ ನಿನ್ನ ಮಾವ ನಿಂತಿದ್ದ. ಅಮ್ಮ ಹೇಳಿರಬೇಕು. ಜೊತೆಗೆ ಬಂದ. ಆ ವರದಿ ಸುಳ್ಳು, ಸ್ವಿಚ್ಚು ಸರಿಯಿತ್ತು, ವೈರು ಮರೆತವನು ನಾನು ಅಂತ ಬರೆದು ಸಹಿ ಹಾಕಿದ್ದೆ. ಕೌಂಟರಿನಲ್ಲಿದ್ದಾಕೆ ಅದನ್ನ ಓದಿ, "ಹತ್ತೊಂಬತ್ತು ವರ್ಷದ ಹಿಂದಿಂದು ಯಾರಿಗೆ ಬೇಕು ತಾತ, ಮನೆಗೆ ಹೋಗಿ" ಅಂದಳು. "ನನಗೆ ಬೇಕು. ತಗೊಂಡೆ ಅಂತ ಮೊಹರು ಒತ್ತು" ಅಂದೆ. ಆಗಲ್ಲ ಅಂದಳು. ಬೆಂಚಿನ ಮೇಲೆ ಕೂತೆ. ನಿನ್ನ ಮಾವನೂ ಕೂತ. ಮೂರು ಗಂಟೆ! ನಿನಗೆ ಮೊಂಡಿ ಅಂತ ಹೆಸರಿಟ್ಟವನು ನಾನು, ಅದು ಎಲ್ಲಿಂದ ಬಂತು ಅಂತ ಆವತ್ತು ಆ ಆಫೀಸಿಗೆಲ್ಲ ಗೊತ್ತಾಯಿತು. ಮೊಹರು ಬಿದ್ದ ಪ್ರತಿ ಇದರ ಜೊತೆ ಇಟ್ಟಿದ್ದೀನಿ.

ನಿನ್ನೆ ಅವನು ಚೆಸ್ ಹಲಗೆ ಹಿಡಕೊಂಡು ಬಂದ. "ಸರಿಯಾಗಿ ಆಡೋದಾದರೆ ಮಾತ್ರ ಕೂತ್ಕೋತೀನಿ" ಅಂದ. ಸರಿಯಾಗಿ ಆಡಿದೆ.

ಕೆಂಪು ವೈರು ನಿನ್ನ ಮೇಜಿನ ಮೇಲೆ ಇರಲಿ ಅಂತ ಕಳಿಸ್ತಿದ್ದೀನಿ. ನನ್ನ ಬೀಗದ ಕೈ ಈಗ ಹಗುರ. ಕೆಳಗೆ ನಿನ್ನ ಮಾವ ಏನೋ ಬರೀಬೇಕಂತೆ, ಪೆನ್ನು ಕಿತ್ತುಕೊಳ್ತಿದ್ದಾನೆ.

ಅಪ್ಪ

ಸೊಸೆಗೆ,

ನಿನ್ನಪ್ಪ ಬರೆದದ್ದೆಲ್ಲ ನಿಜ, ಪಕ್ಕದಲ್ಲೇ ಕೂತು ಓದಿದ್ದೀನಿ. ಆದರೆ ನಿನ್ನೆ ಆಟ ಏನಾಯಿತು ಅಂತ ಬರೆಯದೆ ಬಿಟ್ಟಿದ್ದಾರೆ, ನನಗೆ ಬೇಜಾರಾಗತ್ತೆ ಅಂತ. ಇವರಿಗೆ ಬುದ್ಧಿ ಬರಲ್ಲ. ಬೇಕಂತ ಸೋಲ್ತಿದ್ದಾರೆ ಅಂತ ಗೊತ್ತಿದ್ದರೂ ಹತ್ತೊಂಬತ್ತು ವರ್ಷದಲ್ಲಿ ಒಂದಿಷ್ಟು ಆಟವಾದರೂ ನಾನೇ ಗೆದ್ದಿರಬೇಕು ಅಂದುಕೊಂಡಿದ್ದೆ. ಇಪ್ಪತ್ತಾರು ನಡೆಯಲ್ಲಿ ನನ್ನ ರಾಜನನ್ನ ಮೂಲೆಗೆ ತಳ್ಳಿ ಮುಗಿಸಿಬಿಟ್ಟರು! ಬಾಯಿ ತುಂಬ ಬೈದೆ. ಅವರಿಗೆ ಎಲ್ಲ ಕೇಳಿಸಿತು.

ಮುಂದಿನ ಭಾನುವಾರ ಗೆಲ್ತೀನಿ. ಈ ಸಲ ನಿಜವಾಗಿ.

ಮಾವ